ಕಲ್ಲುಕಣಿವೆಯ ಪಾದ್ರಿ ಓಬರ್ಲಿನ್

ಫ್ರಾನ್ಸ್ ದೇಶದ ಪೂರ್ವದ ಎಲ್ಲೆಯಲ್ಲಿ ವೋಜ್ ಎಂಬ ಪರ್ವತಶ್ರೇಣಿಯುಂಟು. ಅದರ ಮಡಿಲಿನಲ್ಲಿ, ಸ್ಟ್ರಾಸ್‌ಬರ್ಗ್ ಪಟ್ಟಣಕ್ಕೆ ನೈರುತ್ಯದಲ್ಲಿ, ವಾಲ್ಡರ್ಸ್‌ಬಾಕ್, ಬೆಲ್ಮೋಂ, ಬೆಲ್‌ಫೋಸ್, ಫೂಡೇ, ಸೋಲ್‌ಬಾಕ್ ಎಂಬ ಐದು ಹಳ್ಳಿಗಳು ಸೇರಿ ಒಂದೇ ಸಭಾಪ್ರಾಂತವಾಗಿದ್ದವು. ಆ ಸೀಮೆಯ ಜರ್ಮನ್ ಹೆಸರಿಗೆ ಕಲ್ಲುಕಣಿವೆ ಎಂದರ್ಥ. ಹೆಸರಿಗೆ ತಕ್ಕ ನೆಲ. ಹದಿನೇಳನೆಯ ಶತಮಾನದ ಮೂವತ್ತು ವರುಷಗಳ ಯುದ್ಧದಲ್ಲಿ ಸೂರೆಹೋದ ಆ ಹಳ್ಳಿಗಳು ನೂರು ವರುಷ ಕಳೆದರೂ ಚೇತರಿಸಿಕೊಂಡಿರಲಿಲ್ಲ.

ಅಲ್ಲಿ ಸೆಪ್ಟೆಂಬರ್ ತಿಂಗಳು ಅವಸರದ ತಿಂಗಳು. ಬೆಟ್ಟದ ಮೇಲೆ ಚಳಿ ಬೇಗನೆ ಇಳಿಯುವುದರಿಂದ, ಹಿಮ ಬೀಳುವುದಕ್ಕೆ ಮುಂಚೆ ಎರಡನೆಯ ಕೊಯ್ಲಿನ ಹುಲ್ಲನ್ನು ಒಣಗಿಸಿ ಅಟ್ಟಕ್ಕೆ ಏರಿಸಬೇಕು. ಅಗಸೆಯ ಕಡ್ಡಿಯನ್ನು ಇಬ್ಬನಿಯಲ್ಲಿ ಹರಡಿ ನಾರು ಬಿಡಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಚಳಿಗಾಲದ ಆಹಾರವಾದ ಆಲೂಗೆಡ್ಡೆಯನ್ನು ಅಗೆದು ನೆಲಮಾಳಿಗೆಗೆ ಸೇರಿಸಬೇಕು. ಗಂಡಸರು ಹೆಂಗಸರೆನ್ನದೆ, ಗುದ್ದಲಿ ಹಿಡಿಯಬಲ್ಲ ಮಕ್ಕಳೆಲ್ಲರೂ ಹೊಲದಲ್ಲಿರುವರು. ಹಾಗಾದರೆ ಗುದ್ದಲಿ ಹಿಡಿಯಲಾರದ ಎಳೆಯ ಮಕ್ಕಳು ಎಲ್ಲಿರುವರು? ಅವರನ್ನು ನೋಡಿಕೊಳ್ಳುವವರು ಯಾರು? ನಾವು ಇಲ್ಲಿ ಯಾರ ಜೀವಿತವನ್ನು ಹೇಳಲು ಹೊರಟಿರುವೆವೋ ಅವರ ಕೆಲಸಗಳಲ್ಲೆಲ್ಲಾ ನಮಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಪ್ರಶ್ನೆಗೆ ಅವರ ಸಭೆಯಲ್ಲಿ ದೊರೆತ ಉತ್ತರವೇ.

ಜಾನ್ ಫ್ರೆಡರಿಕ್ ಓಬರ್ಲಿನ್‌ರವರು ೧೭೪೦ನೆಯ ಇಸವಿ ಆಗಸ್ಟ್ ೩೧ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಜನಿಸಿದರು. ತಂದೆಯವರು ಉಪಾಧ್ಯಾಯರು. ಓಬರ್ಲಿನ್‌ರು ದೇವಶಾಸ್ತ್ರದ ವ್ಯಾಸಂಗವನ್ನು ಮುಗಿಸಿ ಒಂದು ಸಣ್ಣ ಅಟ್ಟದ ಕೋಣೆಯಲ್ಲಿ ವಾಸವಾಗಿದ್ದಾಗ, ಕಲ್ಲುಕಣಿವೆಯ ಪಾದ್ರಿಗಳಾಗಿದ್ದ ಸ್ಟೂಬರ್‌ರವರು ತಮ್ಮ ಸ್ಥಾನಕ್ಕೆ ತಕ್ಕವನನ್ನು ಹುಡುಕುತ್ತಾ ಅಲ್ಲಿಗೆ ಬಂದರು. ಯುವಕನು ಹಲ್ಲುನೋವಿನಿಂದ ಮಲಗಿದ್ದನು. ಮಂಚಕ್ಕೆ ಕಾಗದದ ತೆರೆ. ರೊಟ್ಟಿಯ ಚೂರನ್ನು ಉಪ್ಪುನೀರಿನಲ್ಲಿ ಬೇಯಿಸಿಕೊಳ್ಳಲು ಒಂದು ಕಬ್ಬಿಣದ ಬಾಣಲೆ. ಇಷ್ಟರಲ್ಲಿ ಜೀವಿಸಬಲ್ಲವನೇ ತನ್ನ ಜನರಿಗೆ ಬೇಕಾದವನೆಂದು ಸ್ಟೂಬರ್‌ರವರು ನಿಶ್ಚಯಿಸಿದರು. ೧೭೬೭ನೆಯ ಇಸವಿಯ ವಸಂತಕಾಲದಲ್ಲಿ ಓಬರ್ಲಿನ್‌ರು ವಾಲ್ಡರ್ಸ್‌ಬಾಕಿಗೆ ಬಂದರು. ಸಾಯುವ ತನಕ, ಅಂದರೆ ಐವತ್ತೊಂಬತ್ತು ವರುಷ, ಅಲ್ಲಿಯೇ ಇದ್ದರು.

ಅವರು ಮಾಡಿದ ಮೊದಲಿನ ಕೆಲಸಗಳಲ್ಲಿ ಒಂದು ರಸ್ತೆ. ಹೊರಗಿನ ಸೀಮೆಗೆ ಹೋಗಲು ಸರಿಯಾದ ದಾರಿಯಿಲ್ಲದ್ದರಿಂದ ಬೆಳೆದುದನ್ನು ಮಾರುವ ಬಗೆಯಿರಲಿಲ್ಲ. ಒಂದು ಒಳ್ಳೆಯ ಸಲಿಕೆಯನ್ನು ಕೊಂಡು ತರುವುದೂ ಕಷ್ಟವೇ. ಪಾದ್ರಿಗಳು ಜನರನ್ನು ಕೂಡಿಸಿ ರಸ್ತೆ ಮಾಡೋಣವೆಂದಾಗ ಎಲ್ಲರೂ ಹಿಂಜರಿದರು. ಓಬರ್ಲಿನ್‌ರು ಮರುಮಾತಾಡದೆ ತಾವೇ ಪಿಕಾಸಿಯನ್ನು ಹೆಗಲಿಗೇರಿಸಿಕೊಂಡು ಹೊರಟು ಬಂಡೆ ಒಡೆಯಲು ತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ಜನರೂ ಹಿಂದೆ ಬಂದರು. ಬ್ರೂಷ್ ನದಿಗೆ ಆ ಕಾಲದಲ್ಲಿ ಕಟ್ಟಿದ ಸೇತುವೆಗೆ ಧರ್ಮದ ಸೇತುವೆ ಎಂಬ ಹೆಸರು ನಿಂತಿತು. ಬಳಿಕ ಬೇಸಾಯದ ಸಾಮಾನುಗಳನ್ನು ತರಿಸಿ ಸಾಲವಾಗಿ ಕೊಟ್ಟರು. ಕೆಲವು ಹುಡುಗರನ್ನು ಬಡಗಿ, ಕಮ್ಮಾರ, ಗಾರೆಯವರ ಕೆಲಸ ಕಲಿಯಲು ಪಟ್ಟಣಕ್ಕೆ ಕಳುಹಿಸಿದರು.

ಬೇಸಾಯದ ವಿಷಯದಲ್ಲಿ ಪಟ್ಟಣದವನ ಬುದ್ಧಿಮಾತನ್ನು ರೈತರು ಕೇಳುವರೇ? ಎಲ್ಲಾ ದೇಶದ ರೈತರೂ ಈ ವಿಷಯದಲ್ಲಿ ಒಂದೇ. ಇದನ್ನರಿತ ಓಬರ್ಲಿನ್‌ರು ಪ್ರಸಂಗ ಮಾಡದೆ, ಜನರು ಓಡಾಡುವ ಕಾಲುದಾರಿಯ ಪಕ್ಕದಲ್ಲಿದ್ದ ತಮ್ಮ ಮನೆಯ ಭೂಮಿಯನ್ನು ಆಳವಾಗಿ ಅಗೆಸಿ, ಗೊಬ್ಬರ ಹಾಕಿ, ಹಣ್ಣಿನ ಸಸಿಗಳನ್ನು ನೆಟ್ಟರು. ಸಸಿಗಳು ಮೇಲೆದ್ದು ಫಲಕೊಟ್ಟಾಗ ದಾರಿಹೋಕರು ನಿಂತು, ಇದು ಹೇಗಾಯಿತೆಂದು ತಾವಾಗಿಯೇ ಕೇಳತೊಡಗಿದರು. ಕಣಿವೆಯ ಆಲೂಗೆಡ್ಡೆಯ ತಳಿಯು ಕೆಟ್ಟು ಇಳುವರಿ ಕುಗ್ಗಿದ್ದುದರಿಂದ ಹೊರಗಿನಿಂದ ಹೊಸ ಬಿತ್ತನೆಗೆಡ್ಡೆಯನ್ನು ತರಿಸಿದರು. ರೀಗಾದಿಂದ ಅಗಸೆಯ ಬೀಜ, ಹಾಲೆಂಡಿನಿಂದ ಮೇವಿನ ಬೀಜ ಬಂದವು. ದೃಢೀಕರಣಕ್ಕೆ ಬರುವ ಪ್ರತಿಯೊಬ್ಬ ಹುಡುಗ ಹುಡುಗಿಯೂ ಮೊದಲು ಎರಡು ಮರಗಳನ್ನು ನೆಟ್ಟಿರಬೇಕೆಂಬ ಕಟ್ಟಳೆಯನ್ನೂ ಮಾಡಿದರು. ನಮ್ಮ ಸಭೆಗಳಲ್ಲಿಯೂ ಇಂಥದೊಂದು ಇದ್ದರೆ ಕೆಡುಕೇನೂ ಆಗದೆಂದು ನಮಗೆ ತೋರುತ್ತದೆ.

ಇನ್ನು ಎಳೆಯ ಮಕ್ಕಳ ವಿಷಯ. ಇದರ ಮೊದಲ ಗೌರವವು ಪಾದ್ರಿಗಳಿಗಲ್ಲ, ಬೆಲ್ಮೋಂ ಹಳ್ಳಿಯ ಸಾರಾ ಬಾಂಜೆ ಎಂಬ ರೈತನ ಮಗಳಿಗೆ ಸಲ್ಲತಕ್ಕದ್ದು. ಈಕೆಯು ತಾನಾಗಿಯೇ ಊರಿನ ಮಕ್ಕಳನ್ನು ಕೂಡಿಸಿ ಹೆಣಿಗೆಯ ಕೆಲಸವನ್ನು ಕಲಿಸುತ್ತಿದ್ದಳು. ಇದರಿಂದ ಮನೆಯ ಕೆಲಸ ಕೆಡುವುದೆಂದು ತಂದೆಯು ಅಡ್ಡಿಮಾಡಿದನು. ಓಬರ್ಲಿನ್‌ರು ಸಂಗತಿಯನ್ನು ತಿಳಿದು, ತಂದೆಯನ್ನು ಗದರಿಸಲಿಲ್ಲ. ಆತನೊಡನೆ ಒಪ್ಪಂದ ಮಾಡಿಕೊಂಡು ಸಾರಾಳನ್ನು ಅದೇ ಕೆಲಸಕ್ಕೆ ನೇಮಿಸಿಕೊಂಡರು. ಇದು ಸುಮಾರು ೧೭೭೦ನೆಯ ಇಸವಿಯ ಮಾತು. ಹುಡುಗಿಯೊಬ್ಬಳ ಕೆಲಸಕ್ಕೆ ಬೆಲೆಯುಂಟೆಂಬುದನ್ನು ತಂದೆಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾವು ಕಾಣೆವು.

ಇದರಿಂದ ಹಳ್ಳಿ ಹಳ್ಳಿಯಲ್ಲಿಯೂ ಹೆಣಿಗೆಯ ಶಾಲೆಗಳು ಹುಟ್ಟಿದವು. ಒಲೆಯಿಂದ ಬೆಚ್ಚಗಾದ ಒಂದು ಕೋಣೆ. ಅದರಲ್ಲಿ ಇನ್ನೂ ಶಾಲೆಯ ಪ್ರಾಯ ಬಾರದ ಮಕ್ಕಳು. ಅವರನ್ನು ನಡಿಸಲು ಅದೇ ಊರಿನ ಹೆಣ್ಣುಮಕ್ಕಳು. ಸ್ವಲ್ಪ ದೊಡ್ಡವರು ನೂಲುವುದನ್ನೂ ಹೆಣೆಯುವುದನ್ನೂ ಕಲಿಯುವರು, ಚಿಕ್ಕವರು ಆಡುವರು. ಬಣ್ಣದ ಚಿತ್ರಗಳನ್ನು ತೋರಿಸಿ ಪ್ರಾಣಿಗಳ ಹೆಸರು, ಬೆಟ್ಟಕ್ಕೆ ಕರೆದೊಯ್ದು ಗಿಡಗಳ ಹೆಸರು, ನಕ್ಷೆಯ ಮೇಲೆ ಮೊದಲು ತಮ್ಮ ಹಳ್ಳಿ, ಆಮೇಲೆ ಕಣಿವೆ, ಆಮೇಲೆ ದೇಶ. ಜೊತೆಗೆ ಸತ್ಯವೇದದ ಕಥೆಗಳು, ಹಾಡುಗಳು. ತಾಯಂದಿರು ನಿಶ್ಚಿಂತೆಯಿಂದ ಹೊಲಕ್ಕೆ ಹೋದರು. ತರಬೇತಿ ಹೊಂದಿದ ನಾವೆಲ್ಲರೂ ಫ್ರೋಬೆಲ್‌ರವರ ಹೆಸರನ್ನು ಕಂಠಪಾಠ ಮಾಡಿರುವೆವು. ಸಾರಾ ಮಕ್ಕಳನ್ನು ಕೂಡಿಸಿದಾಗ ಫ್ರೋಬೆಲ್‌ರವರು ಇನ್ನೂ ಹುಟ್ಟಿಯೇ ಇರಲಿಲ್ಲ.

ಸುಗ್ಗಿಯ ದಿವಸಗಳಲ್ಲಿ ತಂಗಿ ತಮ್ಮಂದಿರನ್ನು ನೋಡಿಕೊಳ್ಳಲೆಂದು ದೊಡ್ಡ ಹುಡುಗಿಯನ್ನು ಶಾಲೆ ಬಿಡಿಸಿ ಮನೆಯಲ್ಲಿ ನಿಲ್ಲಿಸಿಕೊಳ್ಳುವುದು ನಮ್ಮ ಸೀಮೆಯಲ್ಲಿಯೂ ಪೋಷಕರಿಗೆ ಹೊಸದಲ್ಲ. ಬೆಳೆ ಮನೆಗೆ ಬರುತ್ತದೆ, ಹುಡುಗಿ ಶಾಲೆಗೆ ಬರುವುದಿಲ್ಲ. ಆ ತಾಯಿಯನ್ನು ಬೈದು ಫಲವಿಲ್ಲ. ಅವಳ ಕೈಗೂಸನ್ನು ಇಟ್ಟುಕೊಳ್ಳುವವರು ಬೇಕು. ಹಳ್ಳಿಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈ ಮಾತನ್ನು ನಮಗಿಂತ ಚೆನ್ನಾಗಿ ಬಲ್ಲರು.

ಸಾರಾ ೧೭೭೪ರಲ್ಲಿ ಚಿಕ್ಕ ಪ್ರಾಯದಲ್ಲಿಯೇ ತೀರಿಕೊಂಡಳು. ಈ ಶಾಲೆಗಳ ಮೇಲ್ವಿಚಾರಣೆಯನ್ನು ನೋಡುತ್ತಿದ್ದ ಓಬರ್ಲಿನ್‌ರ ಪತ್ನಿ ಮಡ್ಲೇನ್ ಸಾಲೊಮೆಯವರೂ ೧೭೮೩ರಲ್ಲಿ ಮಕ್ಕಳನ್ನು ಬಿಟ್ಟು ಅಗಲಿದರು. ಆಗ ಮನೆಯ ಭಾರವನ್ನೂ ಶಾಲೆಗಳ ಭಾರವನ್ನೂ ಹೊತ್ತವಳು ಲೂಯಿಸ್ ಷೆಪ್ಲರ್. ಬೆಲ್‌ಫೋಸಿನ ಈ ಹುಡುಗಿಯು ಹದಿನೈದರ ಪ್ರಾಯದಲ್ಲಿ ಪಾದ್ರಿಗಳ ಮನೆಗೆ ಕೆಲಸಕ್ಕೆ ಬಂದಿದ್ದಳು. ತನ್ನನ್ನು ಮಗಳೆಂದೆಣಿಸಿ ಇನ್ನು ಸಂಬಳ ಕೊಡಬಾರದೆಂದು ಬೇಡಿಕೊಂಡು, ಹಿಮದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು ಮಕ್ಕಳಿಗೆ ಕಲಿಸಿದಳು.

ಪತ್ನಿಯು ತೀರಿದ ಮೇಲೆ ಓಬರ್ಲಿನ್‌ರು ಆಕೆಯೊಡನೆ ಬಹುಕಾಲ ಮಾತಾಡುತ್ತಿದ್ದುದಾಗಿ ನಂಬಿದ್ದರು. ಪರಲೋಕದ ನಿವಾಸಗಳ ನಕ್ಷೆಯನ್ನೂ ಬರೆದಿದ್ದರು. ಈ ವಿಷಯದಲ್ಲಿ ನಾವು ಅವರನ್ನು ಹಿಂಬಾಲಿಸಲಾರೆವು. ಆದರೂ ಇಂಥ ಯೋಚನೆಗಳುಳ್ಳವರೇ ಗೊಬ್ಬರದ ಗುಂಡಿಯನ್ನೂ ಮರೆಯದಿದ್ದುದು ಆಶ್ಚರ್ಯವೇ ಸರಿ.

ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ದೇವಾರಾಧನೆಗೆ ಅಡ್ಡಿ ಬಂದಿತು. ೧೭೯೪ರಲ್ಲಿ ಅವರೂ ಸೆರೆಯಾಗಿ ಬೇಗನೆ ಬಿಡುಗಡೆ ಹೊಂದಿದರು. ಅದಕ್ಕಿಂತ ಕಠಿಣವಾದ ಪರೀಕ್ಷೆ ೧೮೧೬ರಲ್ಲಿ ಬಂದಿತು. ಹಿಂದಿನ ವರುಷ ಪೂರ್ವದ್ವೀಪಗಳಲ್ಲಿ ತಂಬೋರಾ ಅಗ್ನಿಪರ್ವತವು ಸಿಡಿದುದರಿಂದ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆಚಳಿಗಳಲ್ಲಿ ಬೆಳೆ ಕೆಟ್ಟು, ೧೮೧೭ರಲ್ಲಿ ಕಣಿವೆಯಲ್ಲಿಯೂ ಬರ. ಬೆಟ್ಟದಲ್ಲಿ ತಿನ್ನತಕ್ಕ ಸೊಪ್ಪು ಯಾವುದು, ವಿಷ ಯಾವುದು ಎಂದು ಪಾದ್ರಿಗಳು ವರುಷಗಟ್ಟಲೆ ಕಲಿಸಿದ್ದ ಪಾಠವು ಆಗ ಒಲೆಯ ಮೇಲಣ ಪಾತ್ರೆಗೆ ಬಂದಿತು. ಅದೇ ವರುಷ ಅವರ ಮಗ ಹೆನ್ರಿಯೂ ತೀರಿಕೊಂಡನು.

೧೮೧೮ರಲ್ಲಿ ಪ್ಯಾರಿಸಿನ ರಾಜಕೀಯ ಕೃಷಿಸಂಘವು ಚಿನ್ನದ ಪದಕವನ್ನು ಕೊಟ್ಟಿತು. ಮರುವರುಷ ದೊರೆಯು ಲೀಜನ್ ಆಫ್ ಆನರ್ ಬಿರುದನ್ನಿತ್ತನು. ಜನರಿಗಾದರೋ ಅವರು ಕೇವಲ ಅಪ್ಪ ಓಬರ್ಲಿನ್. ೧೮೨೬ನೆಯ ಇಸವಿ ಜೂನ್ ೧ರಂದು, ಎಂಭತ್ತೈದನೆಯ ವಯಸ್ಸಿನಲ್ಲಿ ಕಾಲವಾದರು. ಫೂಡೇ ದೇವಾಲಯದ ಅಂಗಳದಲ್ಲಿ ಅವರ ಸಮಾಧಿಯಿದೆ.

ಮಕ್ಕಳು ಲೂಯಿಸಳಿಗೆ ಆಸ್ತಿಯಲ್ಲಿ ಪಾಲು ಕೊಡಲು ಬಂದರು. ಆಕೆಯು ಒಲ್ಲದೆ, ಓಬರ್ಲಿನ್ ಎಂಬ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಳ್ಳುವ ಅಪ್ಪಣೆಯನ್ನು ಮಾತ್ರ ಕೇಳಿಕೊಂಡಳು. ೧೮೨೯ರಲ್ಲಿ ಫ್ರೆಂಚ್ ಅಕಾಡೆಮಿಯು ಆಕೆಗೆ ೫,೦೦೦ ಫ್ರಾಂಕುಗಳ ಬಹುಮಾನ ಕೊಟ್ಟಿತು. ಅದನ್ನೂ ತನಗಾಗಿ ಇಟ್ಟುಕೊಳ್ಳಲಿಲ್ಲ. ಅಮೇರಿಕದ ಒಹಾಯೋ ಸೀಮೆಯಲ್ಲಿ ೧೮೩೩ರಲ್ಲಿ ಓಬರ್ಲಿನ್‌ರ ಹೆಸರಿನಿಂದ ಒಂದು ವಿದ್ಯಾಶಾಲೆ ಹುಟ್ಟಿತು. ೧೮೩೭ರಲ್ಲಿ ನಾಲ್ವರು ಹೆಣ್ಣುಮಕ್ಕಳು ಅಲ್ಲಿಯ ಕಾಲೇಜು ತರಗತಿಗೆ ಸೇರಿದರು; ಅವರಲ್ಲಿ ಮೂವರು ೧೮೪೧ರಲ್ಲಿ ಪದವಿಯನ್ನು ಪಡೆದರು. ಲೂಯಿಸ್ ಷೆಪ್ಲರ್ ತೀರಿಕೊಂಡುದು ಅದೇ ೧೮೩೭ರಲ್ಲಿ.