ಬಣ್ಣ ಅರಿಯದ ಕಣ್ಣು, ರೂಪ ಅರಿತ ಕೈ: ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ

ಗೋಕಾಕ: ಗೋಕಾಕ, ಮೂಡಲಗಿ, ಹುಕ್ಕೇರಿ ಪಟ್ಟಣಗಳ ಪೇಟೆಯಲ್ಲಿ ಕ್ಷೌರದಂಗಡಿಗೆ ತನ್ನದೇ ಆದ ಸ್ಥಾನವಿದೆ. ಸಂತೆಗೆ ಬಂದ ರೈತ, ಪರೀಕ್ಷೆ ಮುಗಿಸಿದ ವಿದ್ಯಾರ್ಥಿ, ಮರುದಿನ ಹಸೆಮಣೆ ಏರಲಿರುವ ವರ, ಎಲ್ಲರೂ ಅಲ್ಲಿ ಸರದಿಗೆ ಕಾಯುತ್ತಾರೆ. ಇಂಥ ಅಂಗಡಿಯನ್ನು ಹೊಸದಾಗಿ ಸಿಂಗರಿಸುವ ಮಾತು ಬಂದಾಗ ಮಾಲೀಕನ ಮುಂದೆ ಮೊದಲು ಬಂದು ನಿಲ್ಲುವುದು ಪಿಒಪಿ ಚಾವಣಿ, ಬಣ್ಣಬಣ್ಣದ ಎಲ್‌ಇಡಿ ದೀಪ, ಗೋಡೆ ತುಂಬ ಅಂಟಿಸಿದ ಚಿತ್ರಗಳು, ಜೊತೆಗೆ ಅವುಗಳ ಸಾಲ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಹೊಳಪು ಮಾಸುತ್ತದೆ, ಸಾಲದ ಕಂತು ಮಾತ್ರ ಉಳಿಯುತ್ತದೆ.

ಈ ಆಡಂಬರಕ್ಕೆ ಬದಲಾಗಿ ನಗರಗಳ ಸಲೂನ್‌ಗಳು ಮರಳಿ ನೋಡುತ್ತಿರುವುದು ಕಳೆದ ಶತಮಾನದ ನಡುಭಾಗದ ಶೈಲಿಯತ್ತ. ಮಿಡ್ ಸೆಂಚುರಿ ಮಾಡರ್ನ್ ಎಂದು ಕರೆಯಲಾಗುವ ಈ ಶೈಲಿಯ ಲಕ್ಷಣ ಸರಳ. ಕೆತ್ತನೆಯಿಲ್ಲದ ನೇರ ಗೆರೆ, ನೆಲದಿಂದ ಎತ್ತರಿಸಿದ ತೆಳ್ಳನೆಯ ಕಾಲುಗಳು, ಲೋಹ ಲೋಹದಂತೆ ಮರ ಮರದಂತೆ ಕಾಣುವ ಪ್ರಾಮಾಣಿಕತೆ ಮತ್ತು ಎಲ್ಲಕ್ಕಿಂತ ಮೊದಲು ಉಪಯೋಗ. ಹೆಸರು ಹೊರದೇಶದ್ದು, 1984ರಲ್ಲಿ ಅಮೆರಿಕದ ಲೇಖಕಿ ಕಾರಾ ಗ್ರೀನ್‌ಬರ್ಗ್ ಅವರ ಪುಸ್ತಕದ ಮೂಲಕ ಜನಪ್ರಿಯವಾಯಿತು. ಆದರೆ ಅದರ ತಿರುಳನ್ನು ಅದಕ್ಕೂ ಎಷ್ಟೋ ಮುಂಚೆ ಕಬ್ಬಿಣದಲ್ಲಿ ಎರಕ ಹೊಯ್ದು ತೋರಿಸಿದವರೊಬ್ಬರು ಬೆಳಗಾವಿ ಜಿಲ್ಲೆಯಲ್ಲಿಯೇ ಜನಿಸಿದ್ದರು. ಅವರೇ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ.

ಚಿತ್ರಶಾಲೆಯಿಂದ ಯಂತ್ರದ ರೇಖೆಗೆ

ಲಕ್ಷ್ಮಣರಾಯರು ಜನಿಸಿದ್ದು 1869ರ ಜೂನ್ 20ರಂದು, ಸವದತ್ತಿ ಸಮೀಪದ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ರಂಗಭೂಮಿಯ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರರ ಹುಟ್ಟೂರೂ ಅದೇ. ತಂದೆ ಕಾಶೀನಾಥಪಂತರು ವೇದಾಂತ ಬಲ್ಲವರು. ಆದರೆ ಮಗನ ಮನಸ್ಸು ಗ್ರಂಥಗಳಲ್ಲಿ ನಿಲ್ಲಲಿಲ್ಲ. ಅವನನ್ನು ಸೆಳೆದದ್ದು ಎರಡೇ ಸಂಗತಿಗಳು: ಚಿತ್ರ ಮತ್ತು ಯಂತ್ರ.

ಶಾಲೆಯ ಪಾಠ ಹಿಡಿಸದ ಹುಡುಗ, ಅಣ್ಣ ರಾಮಣ್ಣನವರ ನೆರವಿನಿಂದ 1885ರಲ್ಲಿ ಮುಂಬೈ ಸೇರಿ ಜೆ.ಜೆ. ಕಲಾಶಾಲೆಗೆ ಪ್ರವೇಶ ಪಡೆದರು. ಎರಡು ವರ್ಷದ ಅಭ್ಯಾಸದ ನಂತರ ಬರಸಿಡಿಲಿನಂಥ ಸತ್ಯವೊಂದು ಎದುರಾಯಿತು. ಅವರಿಗೆ ಭಾಗಶಃ ವರ್ಣಾಂಧತೆಯಿತ್ತು. ಕೆಲವು ಬಣ್ಣಗಳ ಭೇದ ಅವರ ಕಣ್ಣಿಗೆ ನಿಲುಕುತ್ತಿರಲಿಲ್ಲ. ಚಿತ್ರಕಾರನಾಗುವ ಕನಸು ಅಲ್ಲಿಗೆ ಮುಗಿಯಿತು.

ಊರಿಗೆ ಮರಳಿದ್ದರೆ ಅಚ್ಚರಿಪಡಬೇಕಿರಲಿಲ್ಲ. ಅವರು ಮರಳಲಿಲ್ಲ. ಬಣ್ಣ ಬೇಡದ ರೇಖಾಚಿತ್ರ, ಅಂದರೆ ಯಂತ್ರದ ನಕ್ಷೆ ಬರೆಯುವ ವಿದ್ಯೆಯನ್ನು ಕಲಿತರು. ಮುಂಬೈಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ತಿಂಗಳಿಗೆ 45 ರೂಪಾಯಿ ಸಂಬಳದ ಸಹಾಯಕ ಶಿಕ್ಷಕರಾದರು. ಬಿಡುವಿನ ವೇಳೆಯಲ್ಲಿ ಕಾರ್ಯಾಗಾರದಲ್ಲಿ ನಿಂತು ಯಂತ್ರಗಳನ್ನು ಬಿಚ್ಚಿ ಜೋಡಿಸುವುದನ್ನು ಕೈಯಾರೆ ಅರಿತರು. ಕಣ್ಣು ಕೈಬಿಟ್ಟಲ್ಲಿ ಕೈ ಕಣ್ಣಾಯಿತು. ಒಂದು ವಸ್ತುವಿನ ಅಂದ ಅದರ ಬಣ್ಣದಲ್ಲಿಲ್ಲ, ರೂಪದಲ್ಲಿದೆ ಎಂಬ ಪಾಠ ಅವರಿಗೆ ದೊರೆತದ್ದು ಹೀಗೆ, ಸೋಲಿನಿಂದ.

ಬೆಳಗಾವಿಯ ಸೈಕಲ್ ಅಂಗಡಿ

1888ರಲ್ಲಿ ಬೆಳಗಾವಿಯಲ್ಲಿ ಕಿರ್ಲೋಸ್ಕರ ಸಹೋದರರ ಸೈಕಲ್ ಅಂಗಡಿ ತೆರೆಯಿತು. ಲಕ್ಷ್ಮಣರಾಯರು ಮುಂಬೈಯಿಂದ ಸೈಕಲ್ ಕೊಂಡು ಕಳುಹಿಸುವರು. ರಾಮಣ್ಣನವರು ಬೆಳಗಾವಿಯಲ್ಲಿ ಮಾರುವರು. ಒಂದು ಸೈಕಲ್ಲಿಗೆ 700ರಿಂದ 1000 ರೂಪಾಯಿ ಬೆಲೆಯಿದ್ದ ಕಾಲವದು. ಸವಾರಿ ಕಲಿಸಲು 15 ರೂಪಾಯಿ ಪಡೆಯಲಾಗುತ್ತಿತ್ತು. ಮುಂಬೈಯ ನೌಕರಿಯಲ್ಲಿ ಸಲ್ಲಬೇಕಾದ ಬಡ್ತಿ ಆಂಗ್ಲೋ ಇಂಡಿಯನ್ ನೌಕರನೊಬ್ಬನಿಗೆ ಸಂದಾಗ ಲಕ್ಷ್ಮಣರಾಯರು ರಾಜೀನಾಮೆ ಇತ್ತು ಬೆಳಗಾವಿಗೆ ಮರಳಿದರು.

ಇಲ್ಲೊಂದು ಸ್ವಾರಸ್ಯವಿದೆ. ಜರ್ಮನಿಯ ಬೌಹೌಸ್ ಕಲಾಶಾಲೆಯ ಮಾರ್ಸೆಲ್ ಬ್ರೂಯರ್ 1925ರಲ್ಲಿ ಉಕ್ಕಿನ ಕೊಳವೆ ಬಾಗಿಸಿ ಕುರ್ಚಿ ಮಾಡಿದರು. ತಾವು ಓಡಿಸುತ್ತಿದ್ದ ಸೈಕಲ್ಲಿನ ಹ್ಯಾಂಡಲ್ ನೋಡಿ ಅವರಿಗೆ ಆ ಆಲೋಚನೆ ಹೊಳೆದಿತ್ತು. ಇಂದು ಜಗತ್ತಿನಾದ್ಯಂತ ಸಲೂನ್, ಕಚೇರಿ, ಆಸ್ಪತ್ರೆಗಳಲ್ಲಿ ಕಾಣುವ ಕೊಳವೆ ಕುರ್ಚಿಗಳ ವಂಶ ಅಲ್ಲಿಂದ ಬೆಳೆಯಿತು. ಆಧುನಿಕ ಪೀಠೋಪಕರಣದಂತೆ ಕಿರ್ಲೋಸ್ಕರ ಉದ್ಯಮದ ಬೇರಿನಲ್ಲಿಯೂ ಸೈಕಲ್ಲೇ ಇದೆ.

ಬೆಳಗಾವಿಯ ಸಣ್ಣ ಕಾರ್ಯಾಗಾರದಲ್ಲಿ ಮೊದಲು ತಯಾರಾದದ್ದು ಮೇವು ಕತ್ತರಿಸುವ ಯಂತ್ರ. ಬಳಿಕ ಬಂದದ್ದು ಕಬ್ಬಿಣದ ನೇಗಿಲು. ಆದರೆ ರೈತರು ಅದನ್ನು ಮುಟ್ಟಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ಭಯ ಬಲವಾಗಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಲಕ್ಷ್ಮಣರಾಯರು ನೇಗಿಲಿಗೆ ಬಣ್ಣ ಬಳಿದು, ಹೂ ಕೆತ್ತಿ ಮರುಳು ಮಾಡಲು ಹೋಗಲಿಲ್ಲ. ಹೊಲದಲ್ಲಿ ಹೂಡಿ ತೋರಿಸಿದರು. ಆಳವಾಗಿ ಸೀಳಿದ ಎರೆಮಣ್ಣೇ ಅದರ ಜಾಹೀರಾತಾಯಿತು.

ಊರು ಬಿಟ್ಟ ಕಾರ್ಖಾನೆ

ನೇಗಿಲು ಕೈಹಿಡಿಯುವ ಹೊತ್ತಿಗೆ ನೆಲವೇ ಕೈಬಿಟ್ಟಿತು. ಹೊಸ ಬಡಾವಣೆಗಾಗಿ ಜಾಗ ತೆರವುಗೊಳಿಸಬೇಕೆಂಬ ಆದೇಶ ಬೆಳಗಾವಿಯ ನಗರಾಡಳಿತದಿಂದ ಬಂತು. ಕಟ್ಟಿದ ಕಾರ್ಯಾಗಾರವನ್ನು ಕಿತ್ತು ಹೋಗಲು ಬೇರೆ ನೆಲೆ ಇರಲಿಲ್ಲ.

ಆಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತಪ್ರತಿನಿಧಿ. ಸ್ವತಃ ಚಿತ್ರಕಾರರಾಗಿದ್ದ ಆ ಅರಸರು ಕುಂಡಲ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ಭೂಮಿಯನ್ನೂ ಸಾಲವನ್ನೂ ನೀಡಿದರು. 1910ರ ಮಾರ್ಚಿನಲ್ಲಿ 25 ಕಾರ್ಮಿಕರು ಮತ್ತು ಅವರ ಕುಟುಂಬಗಳೊಂದಿಗೆ ಲಕ್ಷ್ಮಣರಾಯರು ಅಲ್ಲಿ ಕಾಲಿಟ್ಟಾಗ ಕಂಡದ್ದು ಪಾಪಾಸುಕಳ್ಳಿ ಮತ್ತು ಹಾವು. ಅದೇ ನೆಲ ಕಿರ್ಲೋಸ್ಕರವಾಡಿಯಾಯಿತು. ಇಂದು ಅದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ. ಬೆಳಗಾವಿ ಜಿಲ್ಲೆಯ ಮಣ್ಣಿನಲ್ಲಿ ಮೊಳೆತ ಉದ್ಯಮವೊಂದು ನಿಲ್ಲಲು ಜಾಗ ಸಿಗದೆ ಜಿಲ್ಲೆಯಿಂದ ಹೊರನಡೆದ ಆ ಘಟನೆಯ ನಷ್ಟವನ್ನು ಲೆಕ್ಕ ಹಾಕುವುದು ಕಷ್ಟ.

ವಾಡಿಯಲ್ಲಿ ದುಡಿಯುವವರ ಮನೆಗಳು, ಶಾಲೆ, ಸ್ವಚ್ಛವಾದ ಬೀದಿಗಳು ಬಂದವು. ಊರಿನ ಆಡಳಿತವನ್ನು ರಾಮಣ್ಣನವರು ನೋಡಿಕೊಂಡರು. ಯಂತ್ರಗಳನ್ನು ಶಂಭುರಾವ್ ಜಾಂಭೇಕರ ಪಳಗಿಸಿದರು. ಸೆರೆಮನೆಯಿಂದ ಬಿಡುಗಡೆಯಾದವರನ್ನು ರಾತ್ರಿ ಕಾವಲಿಗೆ ನೇಮಿಸುವ ಧೈರ್ಯವನ್ನೂ ಲಕ್ಷ್ಮಣರಾಯರು ತೋರಿದರು. ಅಸ್ಪೃಶ್ಯತೆಗೆ ವಾಡಿಯಲ್ಲಿ ಅವಕಾಶವಿರಲಿಲ್ಲ. ಈ ಮಾತಿನ ತೂಕ ಉತ್ತರ ಕರ್ನಾಟಕದವರಿಗೆ ಬೇಗ ಅರ್ಥವಾಗುತ್ತದೆ. ದಲಿತರಿಗೆ ಕ್ಷೌರದ ಕುರ್ಚಿ ನಿರಾಕರಿಸಿದ ಪ್ರಕರಣಗಳು ಈ ಶತಮಾನದಲ್ಲಿಯೂ ಇಲ್ಲಿಯ ಹಳ್ಳಿಗಳಿಂದ ವರದಿಯಾಗಿವೆ. ಬಂದವರೆಲ್ಲರೂ ಕೂರಲಾಗದ ಕುರ್ಚಿ ಎಷ್ಟೇ ಅಂದವಾಗಿದ್ದರೂ ಆಧುನಿಕವೆನಿಸದು.

ನೇಗಿಲಿನಿಂದ ಕುರ್ಚಿಯವರೆಗೆ

ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣದ ಕೊರತೆ ತಲೆದೋರಿದಾಗ ಕೊಲ್ಹಾಪುರದ ಶಾಹೂ ಮಹಾರಾಜರು ಕೋಟೆಯ ಹಳೆಯ ತೋಪುಗಳನ್ನು ಕರಗಿಸಲು ಕೊಟ್ಟರು. ಯುದ್ಧದ ಲೋಹ ಹೊಲದ ನೇಗಿಲಾಯಿತು. 1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಸೀಮಿತ ಸಂಸ್ಥೆಯಾಗಿ ನೋಂದಣಿಗೊಂಡಿತು. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪು ಒಂದೊಂದಾಗಿ ಹೊರಬಂದವು. ಘಟಪ್ರಭೆ, ಹಿರಣ್ಯಕೇಶಿ ತೀರದ ಕಬ್ಬಿನ ನಾಡಿಗೆ ಇವುಗಳ ಬೆಲೆ ಹೇಳಬೇಕಾಗಿಲ್ಲ.

ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ 1926ರಲ್ಲಿ ಮರಳಿದರು. ಎರಡು ಮಹಾಯುದ್ಧಗಳ ನಡುವಿನ ಆ ವರ್ಷಗಳಲ್ಲಿ ಕಾರ್ಖಾನೆ ಲೋಹದ ಪೀಠೋಪಕರಣಗಳನ್ನೂ ತಯಾರಿಸಿತು. ಕೃಷಿ ಉಪಕರಣದ ಮೂಸೆಯಿಂದ ಕುರ್ಚಿ, ಮೇಜು, ಮಂಚಗಳು ಬಂದವು. ತೇಗ, ಬೀಟೆಯ ಮೇಲೆ ಬಳ್ಳಿ ಕೆತ್ತಿಸುವುದೇ ಸಿರಿವಂತಿಕೆಯ ಗುರುತಾಗಿದ್ದ ಕಾಲದಲ್ಲಿ ಕಾರ್ಖಾನೆಯಲ್ಲಿ ಅಳತೆಗೆ ತಕ್ಕಂತೆ ತಯಾರಾಗುವ ಲೋಹದ ಕುರ್ಚಿ ಹೊಸ ವಿಚಾರವೇ ಆಗಿತ್ತು. ನೇಗಿಲು ಹೊಲಕ್ಕೆ ಹೇಗೋ ಕುರ್ಚಿ ದೇಹಕ್ಕೆ ಹಾಗೆ. ಕೆಲಸಕ್ಕೆ ಬೇಕಾದಷ್ಟು ಲೋಹ, ಬೇಡದ ಕಡೆ ಒಂದು ತೊಲವೂ ಹೆಚ್ಚಿಲ್ಲ.

ಬೆಂಕಿ ಮತ್ತು ಕೊನೆಯ ದಿನಗಳು

ಲಕ್ಷ್ಮಣರಾಯರು ಹೊಣೆಯನ್ನು ಮುಂದಿನ ತಲೆಮಾರಿಗೆ ಒಪ್ಪಿಸಿದ ಮೇಲೆ ಉದ್ಯಮ ಮತ್ತೆ ಕನ್ನಡನಾಡಿಗೆ ಬಂತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. ಆ ಕಾರ್ಖಾನೆ ಈಗ ಇಲ್ಲ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಆರಂಭವಾಯಿತು.

1948ರ ಆರಂಭದಲ್ಲಿ ಗಾಂಧೀಜಿಯವರ ಹತ್ಯೆಯ ನಂತರ ಭುಗಿಲೆದ್ದ ಹಿಂಸೆ ಕಿರ್ಲೋಸ್ಕರವಾಡಿಯನ್ನೂ ಬಿಡಲಿಲ್ಲ. ಉದ್ರಿಕ್ತ ಗುಂಪು ಕಾರ್ಖಾನೆಗೆ ಬೆಂಕಿಯಿಟ್ಟಿತು. ಆಗ ಲಕ್ಷ್ಮಣರಾಯರಿಗೆ 78 ವರ್ಷ. ಬದುಕಿಡೀ ಕಟ್ಟಿದ್ದು ಕಣ್ಣೆದುರು ಸುಟ್ಟರೂ ಊರು ಅಳಿಯಲಿಲ್ಲ. ವಾಡಿ ಮತ್ತೆ ಎದ್ದು ನಿಂತಿತು. 1956ರ ಸೆಪ್ಟೆಂಬರ್ 26ರಂದು ಅವರು ನಿಧನರಾದರು. 1969ರ ಜೂನ್ 20ರಂದು, ಜನ್ಮಶತಾಬ್ದಿಯ ದಿನ, ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.

ಅವರು ಅಗಲಿದ ವರ್ಷವೇ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಬಾಗಿಸಿದ ಪ್ಲೈವುಡ್ ಮತ್ತು ಚರ್ಮದ ತಮ್ಮ ಪ್ರಸಿದ್ಧ ಆರಾಮಕುರ್ಚಿಯನ್ನು ಜಗತ್ತಿಗೆ ನೀಡಿದರು. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಇಲ್ಲಿಗೆ ಬಂದು 1958ರಲ್ಲಿ ಅವರು ಸಲ್ಲಿಸಿದ ವರದಿಯಲ್ಲಿ ಅತ್ಯುತ್ತಮ ವಿನ್ಯಾಸವೆಂದು ಎತ್ತಿ ಹಿಡಿದದ್ದು ಯಾವ ಅರಮನೆಯ ಸಿಂಹಾಸನವನ್ನೂ ಅಲ್ಲ, ನಿತ್ಯ ಬಳಕೆಯ ತಂಬಿಗೆಯನ್ನು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು. ಕೈಗೆ, ಸೊಂಟಕ್ಕೆ, ನೀರಿಗೆ ಹೊಂದಿಕೊಂಡ ತಂಬಿಗೆಯ ನ್ಯಾಯವೇ ಲಕ್ಷ್ಮಣರಾಯರ ನೇಗಿಲಿನ ನ್ಯಾಯವೂ ಆಗಿತ್ತು.

ಸಲೂನ್‌ಗೆ ದೊರೆಯುವ ಪಾಠ

ಈ ಬದುಕಿನ ಬೆಳಕಿನಲ್ಲಿ ನೋಡಿದರೆ ಅಂಗಡಿ ಸಿಂಗರಿಸುವ ಕೆಲಸ ಬೇರೆಯದೇ ಆಗಿ ಕಾಣುತ್ತದೆ. ಎರಕದ ಕಬ್ಬಿಣದ ಬುಡ, ಕಾಲಿಡುವ ಹಲಗೆ, ಹಿಂದಕ್ಕೆ ಒರಗುವ ಬೆನ್ನು ಇರುವ ಹಳೆಯ ಕ್ಷೌರದ ಕುರ್ಚಿಯನ್ನು ಗುಜರಿಗೆ ಹಾಕಬೇಕಿಲ್ಲ. ತುಕ್ಕು ತೆಗೆದು, ಕೀಲಿಗೆ ಎಣ್ಣೆಯಿಟ್ಟು, ಹೊಸ ರೆಕ್ಸಿನ್ ಹೊದಿಸಿದರೆ ಅದು ಮತ್ತೊಂದು ತಲೆಮಾರಿಗೆ ಸಾಕು. ಹಳೆಯ ಮಳಿಗೆಯ ಮೊಸಾಯಿಕ್ ನೆಲವನ್ನು ಟೈಲ್ಸ್ ಹಾಕಿ ಮುಚ್ಚುವ ಬದಲು ತಿಕ್ಕಿಸಿ ಹೊಳಪು ಕೊಡಿಸಿದರೆ ಶೈಲಿಯ ಅರ್ಧ ಕೆಲಸ ಮುಗಿದಂತೆ.

ಕಪಾಟುಗಳಿಗೆ ಎತ್ತರದ ಕಾಲು ಇರುವುದು ಕೇವಲ ನೋಟಕ್ಕಲ್ಲ. ಉದುರಿದ ಕೂದಲು ಮೂಲೆಯಲ್ಲಿ ಸಿಲುಕದೆ ಪೊರಕೆ ಸಲೀಸಾಗಿ ಅಡಿಯಲ್ಲಿ ಹಾಯುತ್ತದೆ. ಬೆತ್ತದ ಹೆಣಿಗೆಯಲ್ಲಿ ಕೂದಲು ಸೇರುವುದರಿಂದ ಬೆತ್ತದ ಕುರ್ಚಿ ಕಾಯುವವರಿಗಷ್ಟೇ ಇರಲಿ. ಕನ್ನಡಿಗೆ ತೆಳುವಾದ ಮರದ ಚೌಕಟ್ಟು ಸಾಕು. ಬೆಳಕು ತಲೆಯ ಮೇಲಿಂದ ಮಾತ್ರ ಬಿದ್ದರೆ ಗದ್ದದಡಿ ನೆರಳಾಗಿ ಕತ್ತಿಯ ಕೆಲಸಕ್ಕೆ ತೊಡಕು. ಕನ್ನಡಿಯ ಎರಡೂ ಬದಿಯಿಂದ ಬರುವ ಬಿಳಿ ಬೆಳಕು ಲೇಸು. ಕಪಾಟಿನ ಮೇಲೆ ಗೋಕಾಕದ ಮರದ ಗೊಂಬೆಯೊಂದನ್ನೋ ಹಣ್ಣಿನ ಮಾದರಿಯೊಂದನ್ನೋ ಇಟ್ಟರೆ ದೂರದ ಶೈಲಿಗೆ ಊರಿನ ಗುರುತು ದೊರೆಯುತ್ತದೆ.

ಬಣ್ಣದ ಮಾತು ಕೊನೆಗೆ. ಸಾಸಿವೆ ಹಳದಿ, ಎಲೆಹಸಿರು, ಇಟ್ಟಿಗೆಗೆಂಪು, ಇವುಗಳಲ್ಲಿ ಒಂದನ್ನು ಆರಿಸಿ ಒಂದೇ ಗೋಡೆಗೆ ಬಳಿದರೆ ಸಾಕು. ಉಳಿದುದೆಲ್ಲ ಸರಿಯಾಗಿದ್ದರೆ ಬಣ್ಣ ಕಡಿಮೆಯಾದರೂ ಕೊರತೆ ಕಾಣದು. ಕೆಲವು ಬಣ್ಣಗಳ ಭೇದವನ್ನೇ ಅರಿಯದ ಕಣ್ಣುಗಳಿದ್ದ ಗುರ್ಲಹೊಸೂರಿನ ಹುಡುಗ ನಾಡಿಗೆ ಬಿಟ್ಟುಹೋದ ಪಾಠವೂ ಇದೇ. ಅವರ ನೇಗಿಲು ಎರಡು ವರ್ಷ ಕಾದು ರೈತನನ್ನು ಗೆದ್ದದ್ದು ಬಣ್ಣದಿಂದಲ್ಲ, ಕೆಲಸದಿಂದ.