ಕಾದಂಬರಿ ಪಿತಾಮಹ ಗಳಗನಾಥರು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಕರ್ನಾಟಕದ ಬಹುಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸಂಕೇಶ್ವರ, ಹುಕ್ಕೇರಿ, ಗೋಕಾಕಗಳಂಥ ಗಡಿಸೀಮೆಯ ಊರುಗಳಲ್ಲಷ್ಟೇ ಅಲ್ಲ, ಧಾರವಾಡದ ಕಡೆಗೂ ಮರಾಠಿಯ ಪ್ರಭಾವ ಹಬ್ಬಿತ್ತು. ಮನೆಯಲ್ಲಿ ಕನ್ನಡವನ್ನಾಡುವ ವಿದ್ಯಾವಂತರೂ ಕಾದಂಬರಿಯ ರುಚಿಗಾಗಿ ಮರಾಠಿ ಪುಸ್ತಕಗಳನ್ನೇ ಅರಸುತ್ತಿದ್ದರು. ಅಂಥ ಕಾಲದಲ್ಲಿ ಈ ಭಾಗದ ಜನರ ಕೈಗೆ ಕನ್ನಡ ಕಾದಂಬರಿಯನ್ನಿತ್ತ ಮಹನೀಯರು ಗಳಗನಾಥರು.

ಇವರ ನಿಜನಾಮ ವೆಂಕಟೇಶ ತಿರಕೋ ಕುಲಕರ್ಣಿ. ವರದಾ ನದಿಯು ತುಂಗಭದ್ರೆಯನ್ನು ಕೂಡುವೆಡೆಯಲ್ಲಿರುವ, ಹಾವೇರಿ ಸೀಮೆಯ ಗಳಗನಾಥವೆಂಬ ಗ್ರಾಮದಲ್ಲಿ 1869ರಲ್ಲಿ ಜನಿಸಿದರು. ಹುಟ್ಟೂರಿನ ಹೆಸರೇ ಮುಂದೆ ಇವರ ಕಾವ್ಯನಾಮವಾಯಿತು. ಧಾರವಾಡದಲ್ಲಿ ಶಿಕ್ಷಕರ ತರಬೇತಿಯನ್ನು ಪಡೆದು ಶಾಲಾ ಶಿಕ್ಷಕರಾದರು.

ಆಗ ಮರಾಠಿಯಲ್ಲಿ ಹರಿ ನಾರಾಯಣ ಆಪಟೆಯವರ ಕೀರ್ತಿ ಬೆಳಗುತ್ತಿತ್ತು. ಶಿವಾಜಿಯ ಕಾಲವನ್ನು ಚಿತ್ರಿಸುವ ‘ಉಷಃಕಾಲ’ದಂಥ ಕೃತಿಗಳು ಮಹಾರಾಷ್ಟ್ರದ ಜನರಲ್ಲಿ ಸ್ವಾಭಿಮಾನವನ್ನು ತುಂಬಿದ್ದವು. ಆಪಟೆಯವರ ಕೃತಿಗಳು ಗಳಗನಾಥರ ಮನಸ್ಸನ್ನು ಸೂರೆಗೊಂಡವು. ಮೆಚ್ಚಿನ ಲೇಖಕನನ್ನು ಓದಿ ಸಂತೋಷಪಡುವವರು ಅನೇಕರು. ಆ ಸಂತೋಷವನ್ನು ತನ್ನ ನುಡಿಯವರಿಗೂ ಹಂಚಬೇಕೆಂದು ದುಡಿಯುವವರು ವಿರಳ. ಗಳಗನಾಥರು ಆ ವಿರಳರ ಸಾಲಿಗೆ ಸೇರಿದವರು.

1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾಗಿದ್ದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡ ಗ್ರಂಥರಚನೆಗೆ ಪ್ರೋತ್ಸಾಹ ನೀಡುತ್ತಿತ್ತು. ಗಳಗನಾಥರು ಬರೆದ ‘ಪ್ರಬುದ್ಧ ಪದ್ಮನಯನೆ’ ಎಂಬ ಮೊದಲ ಕಾದಂಬರಿಗೆ ಆ ಸಂಘದ ಬಹುಮಾನ ದೊರೆಯಿತು. 1898ರಲ್ಲಿ ಬೆಳಕು ಕಂಡ ಈ ಕೃತಿಯು ಅವರ ಬಾಳಿನ ದಾರಿಯನ್ನೇ ನಿರ್ಧರಿಸಿತು. ಅನಂತರ ಆಪಟೆಯವರ ಹಲವು ಕೃತಿಗಳನ್ನು ಅವರು ಕನ್ನಡಕ್ಕೆ ತಂದರು.

1907ರಲ್ಲಿ ಹಾವೇರಿಯ ಸಮೀಪದ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಡತೊಡಗಿತು. ಅದರ ಸಂಪಾದಕರಾಗಿ ಗಳಗನಾಥರು ಮನೆಮನೆಗೂ ಕನ್ನಡದ ಓದನ್ನು ಮುಟ್ಟಿಸಿದರು. ಬರೆದುದಷ್ಟೇ ಸಾಲದು, ಅದು ಓದುಗನನ್ನು ತಲುಪಬೇಕೆಂಬುದು ಅವರ ನಿಲುವು. ಆದುದರಿಂದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಬಡತನ ಅವರನ್ನು ಬಿಡಲಿಲ್ಲ. ಅವರು ಕನ್ನಡದ ಕೆಲಸವನ್ನು ಬಿಡಲಿಲ್ಲ.

ಪರಭಾಷೆಯ ಲೇಖಕನಿಂದ ಸ್ಫೂರ್ತಿ ಪಡೆದವರು ಅನುವಾದದಲ್ಲಿಯೇ ನಿಂತುಬಿಡುವುದುಂಟು. ಗಳಗನಾಥರು ಅಲ್ಲಿಗೇ ನಿಲ್ಲಲಿಲ್ಲ. ಆಪಟೆಯವರು ಮರಾಠರ ಇತಿಹಾಸವನ್ನು ಕಥೆಯಾಗಿಸಿದಂತೆ ಇವರು ಕನ್ನಡಿಗರ ಇತಿಹಾಸದತ್ತ ಕಣ್ಣು ಹೊರಳಿಸಿದರು. ವಿದ್ಯಾರಣ್ಯರನ್ನೂ ವಿಜಯನಗರದ ಸ್ಥಾಪನೆಯನ್ನೂ ಕುರಿತ ‘ಮಾಧವ ಕರುಣಾ ವಿಲಾಸ’ವು 1923ರಲ್ಲಿ ಪ್ರಕಟವಾದ ಅವರ ಸ್ವತಂತ್ರ ಕೃತಿ. ಮರೆತುಹೋಗಿದ್ದ ವೈಭವವನ್ನು ನೆನಪಿಸಿ, ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಲ್ಲಿ ನಾವೆಲ್ಲ ಒಂದೆಂಬ ಭಾವವನ್ನು ಇಂಥ ಕೃತಿಗಳು ಮೂಡಿಸಿದವು.

1942ರಲ್ಲಿ ಗಳಗನಾಥರು ಕಾಲವಶರಾದರು. ನಾಡು ಒಂದಾದುದನ್ನು ಕಾಣುವ ಭಾಗ್ಯ ಅವರಿಗೆ ದೊರೆಯಲಿಲ್ಲ. 1956ರಲ್ಲಿ ಧಾರವಾಡ, ಬೆಳಗಾವಿ ಸೀಮೆಗಳು ಮೈಸೂರು ರಾಜ್ಯವನ್ನು ಸೇರಿದಾಗ, ಅವರು ಬೆಳೆಸಿದ ಓದುಗರ ಮಕ್ಕಳು ಕನ್ನಡ ಶಾಲೆಗಳಲ್ಲಿ ಓದುತ್ತಿದ್ದರು. ನೆರೆನುಡಿಯನ್ನು ದ್ವೇಷಿಸದೆ, ಅದರಿಂದ ಕಲಿತು ತಾಯ್ನುಡಿಯನ್ನು ಬೆಳೆಸಿದ ಗಳಗನಾಥರನ್ನು ಕನ್ನಡಿಗರು ಕಾದಂಬರಿ ಪಿತಾಮಹರೆಂದು ಗೌರವಿಸುವುದು ಉಚಿತವೇ ಆಗಿದೆ.