ಎಂಟು ಮಿನಿಟಿನ ಲೆಕ್ಕ

ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಎಂಟು ರೂಪಾಯಿ ತಾಳೆಯಾಗದಿದ್ದರೆ ನಾವು ಕಾಮರ್ಸಿನವರು ಏನು ಮಾಡುತ್ತೇವೆ? ಅರ್ಧ ಗಂಟೆ ತಡಕಾಡಿ, ಆಮೇಲೆ ಅದನ್ನು ಸಸ್ಪೆನ್ಸ್ ಅಕೌಂಟಿಗೆ ತಳ್ಳಿ ಮಲಗುತ್ತೇವೆ. ನಾನಂತೂ ಹಾಗೇ. ಆದರೆ ನಾನೂರು ವರ್ಷಗಳ ಹಿಂದೆ ಒಬ್ಬ ಲೆಕ್ಕಿಗ ಎಂಟರ ವ್ಯತ್ಯಾಸ ಬಂತೆಂದು ಬರೆದದ್ದನ್ನೆಲ್ಲ ಹೊಡೆದುಹಾಕಿ ಮೊದಲಿನಿಂದ ಶುರು ಮಾಡಿದ. ಅವನೇ ಯೋಹಾನೆಸ್ ಕೆಪ್ಲರ್. ಭೂಮಿ ಏಕೆ ಚಲಿಸುತ್ತದೆ ಎಂಬುದನ್ನು ಶಾಲೆಯ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಓದಿ ಮುಗಿಸಿದ್ದೇವಲ್ಲ, ಆ ಎರಡು ಸಾಲಿನ ಹಿಂದೆ ಈ ಮನುಷ್ಯನ ಇಡೀ ಬದುಕು ಇದೆ.

ಕೆಪ್ಲರ್ ಹುಟ್ಟಿದ್ದು 1571ರ ಡಿಸೆಂಬರ್ 27ರಂದು, ಜರ್ಮನಿಯ ಒಂದು ಪುಟ್ಟ ಊರಿನಲ್ಲಿ. ತಂದೆ ಸಂಬಳಕ್ಕಾಗಿ ಯಾರ ಪರವಾಗಿ ಬೇಕಾದರೂ ಯುದ್ಧಕ್ಕೆ ಹೋಗುವ ಸಿಪಾಯಿ; ಕೊನೆಗೆ ಒಮ್ಮೆ ಹೋದವನು ತಿರುಗಿ ಬರಲೇ ಇಲ್ಲ. ಚಿಕ್ಕಂದಿನಲ್ಲಿ ಸಿಡುಬು ಎದ್ದು ಹುಡುಗನ ಕಣ್ಣು ಮಂದವಾಯಿತು. ಆಕಾಶ ನೋಡಬೇಕಾದವನಿಗೇ ದೃಷ್ಟಿ ಇಲ್ಲ! ಆದರೂ 1577ರಲ್ಲಿ ಬಂದ ದೊಡ್ಡ ಧೂಮಕೇತುವನ್ನು ತಾಯಿ ಕಟರೀನಾ ಎತ್ತರದ ಜಾಗಕ್ಕೆ ಕರೆದೊಯ್ದು ತೋರಿಸಿದ್ದಳು. ಈ ತಾಯಿಯ ಮಾತು ಮುಂದೆ ಬರುತ್ತದೆ.

ವಿದ್ಯಾರ್ಥಿವೇತನದ ಬಲದಿಂದ ಆತ ಪಾದ್ರಿಯಾಗಲೆಂದು ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಮೆಸ್ಟ್ಲಿನ್ ಎಂಬ ಗುರುವಿನಿಂದ ಕೊಪರ್ನಿಕಸ್‌ನ ಸಿದ್ಧಾಂತ ಕಲಿತ: ಸೂರ್ಯ ನಡುವೆ ನಿಂತಿದ್ದಾನೆ, ಭೂಮಿ ಸುತ್ತುತ್ತದೆ. 1594ರಲ್ಲಿ ಗ್ರಾಟ್ಸ್ ಊರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರಾದ. ಮೊದಲ ವರ್ಷ ಕೆಲವೇ ವಿದ್ಯಾರ್ಥಿಗಳು, ಎರಡನೇ ವರ್ಷ ಒಬ್ಬನೂ ಇಲ್ಲ. ಕ್ಲಾಸಿಗೆ ಚಕ್ಕರ್ ಹೊಡೆಯುವ ವಿದ್ಯೆ ನಾವು ಕಂಡುಹಿಡಿದದ್ದಲ್ಲ ಅಂತ ಆಯ್ತು. 1600ರಲ್ಲಿ ಮತದ ಜಗಳ ಜೋರಾಗಿ, ಲೂಥರನ ಪಂಥದವನೆಂಬ ಕಾರಣಕ್ಕೆ ಅವನನ್ನು ಊರು ಬಿಡಿಸಿದರು.

ಹೆಂಡತಿಯನ್ನೂ ಸಾಮಾನನ್ನೂ ಕಟ್ಟಿಕೊಂಡು ಹೋದದ್ದು ಪ್ರಾಗ್ ನಗರಕ್ಕೆ. ಅಲ್ಲಿ ಟೈಕೋ ಬ್ರಾಹೆ ಎಂಬ ಶ್ರೀಮಂತ ಖಗೋಳಜ್ಞ ಇದ್ದ. ದೂರದರ್ಶಕ ಇಲ್ಲದ ಆ ಕಾಲದಲ್ಲಿ ಬರಿಗಣ್ಣಿನಿಂದಲೇ ಹಲವು ವರ್ಷ ಗ್ರಹಗಳನ್ನು ಅಳೆದು ದಾಖಲೆ ಇಟ್ಟಿದ್ದ. ಆ ದಾಖಲೆಯ ಹತ್ತಿರ ಬರುವ ದಾಖಲೆ ಯುರೋಪಿನಲ್ಲಿ ಯಾರಲ್ಲೂ ಇರಲಿಲ್ಲ. ಟೈಕೋ 1601ರಲ್ಲಿ ತೀರಿಕೊಂಡ. ಅವನ ಹುದ್ದೆಯೂ ಲೆಕ್ಕದ ಪುಸ್ತಕಗಳೂ ಕೆಪ್ಲರನ ಕೈಗೆ ಬಂದವು.

ಮಂಗಳ ಗ್ರಹದ ದಾರಿ ಯಾವುದು ಎಂಬುದೇ ಅವನ ಕೆಲಸ. ಎಂಟು ದಿನದಲ್ಲಿ ಮುಗಿಸುತ್ತೇನೆ ಅಂದುಕೊಂಡಿದ್ದ. ಐದಾರು ವರ್ಷ ಹಿಡಿಯಿತು. ದೇವರು ಮಾಡಿದ ದಾರಿ ಅಂದ ಮೇಲೆ ವೃತ್ತವೇ ಇರಬೇಕು ಎಂದು ಎರಡು ಸಾವಿರ ವರ್ಷಗಳಿಂದ ಎಲ್ಲರೂ ನಂಬಿದ್ದರು, ಕೆಪ್ಲರನೂ ನಂಬಿದ್ದ. ಒಂದೇ ಲೆಕ್ಕವನ್ನು ಎಪ್ಪತ್ತು ಸಲ ಮಾಡಿ ಒಂದು ವೃತ್ತ ಹೊಂದಿಸಿದ. ಎಲ್ಲ ಸರಿ ಬಂತು, ಆದರೆ ಟೈಕೋನ ದಾಖಲೆಗೂ ಅದಕ್ಕೂ ಒಂದು ಕಡೆ ಎಂಟು ಮಿನಿಟಿನ ವ್ಯತ್ಯಾಸ ಉಳಿಯಿತು. ಇದು ಗಡಿಯಾರದ ಮಿನಿಟಲ್ಲ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲಿಗೆ ಮಿನಿಟು ಎನ್ನುತ್ತಾರೆ. ಎಂಟು ಅಂದ್ರೆ ಎಷ್ಟು ಮಾರಾಯ್ರೆ? ಆಕಾಶದಲ್ಲಿ ಕಾಣುವ ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗ, ಅಷ್ಟೆ.

ಬೇರೆ ಯಾರಾದರೂ ಆಗಿದ್ದರೆ ತೀರಿಹೋದ ಟೈಕೋನ ಅಳತೆಯೇ ತಪ್ಪು ಎಂದು ಹೇಳಿ ಮುಗಿಸುತ್ತಿದ್ದರು. ಕೇಳುವವರು ಯಾರು? ಕೆಪ್ಲರ್ ಹಾಗೆ ಮಾಡಲಿಲ್ಲ. ಟೈಕೋ ಅಷ್ಟು ತಪ್ಪು ಮಾಡುವವನಲ್ಲ, ತಪ್ಪಿದ್ದರೆ ತನ್ನ ವೃತ್ತದಲ್ಲೇ ಇದೆ ಎಂದು ತೀರ್ಮಾನಿಸಿ ವೃತ್ತವನ್ನೇ ಬಿಟ್ಟ. ಕೊನೆಗೆ ಸಿಕ್ಕಿದ್ದು ದೀರ್ಘವೃತ್ತ. ಗ್ರಹ ಸೂರ್ಯನ ಹತ್ತಿರ ಬಂದಾಗ ಬೇಗ, ದೂರ ಹೋದಾಗ ನಿಧಾನವಾಗಿ ಸಾಗುತ್ತದೆ ಎಂಬುದನ್ನೂ ಕಂಡುಕೊಂಡಿದ್ದ. ಇವೆರಡೂ 1609ರಲ್ಲಿ ಪುಸ್ತಕವಾಗಿ ಬಂದವು.

ಮನೆಯಲ್ಲಿ ಮಾತ್ರ ಸುಖವಿಲ್ಲ. 1611ರಲ್ಲಿ ಆರು ವರ್ಷದ ಮಗ ಸಿಡುಬಿನಿಂದ ಸತ್ತ. ಅದೇ ವರ್ಷ ಹೆಂಡತಿಯೂ ಹೋದಳು. 1615ರಲ್ಲಿ ಮುದಿ ತಾಯಿಯ ಮೇಲೆ ಮಾಟಗಾತಿ ಎಂಬ ಆಪಾದನೆ ಬಂತು. ಸಾಬೀತಾದರೆ ಜೀವ ಉಳಿಯುವಂತಿರಲಿಲ್ಲ. 1620ರಲ್ಲಿ ಆಕೆಯನ್ನು ಹಿಡಿದು ಸರಪಳಿ ಹಾಕಿದರು. ಮಗ ಕೆಲಸ ಬಿಟ್ಟು ಬಂದು, ಆಪಾದನೆ ಒಂದೊಂದಕ್ಕೂ ಉತ್ತರ ಸಿದ್ಧಪಡಿಸಿ ವಾದಕ್ಕೆ ನಿಂತ. ಹದಿನಾಲ್ಕು ತಿಂಗಳ ಸೆರೆಯ ನಂತರ 1621ರಲ್ಲಿ ತಾಯಿ ಬಿಡುಗಡೆಯಾದಳು. ಮರುವರ್ಷ ಕಣ್ಣು ಮುಚ್ಚಿದಳು. ಈ ಗಲಾಟೆಯ ನಡುವೆಯೇ 1619ರಲ್ಲಿ ಅವನ ಮೂರನೇ ನಿಯಮ ಹೊರಬಂತು: ಗ್ರಹ ಸೂರ್ಯನನ್ನು ಸುತ್ತುವ ಕಾಲದ ವರ್ಗಕ್ಕೂ ಅದರ ದೂರದ ಘನಕ್ಕೂ ಒಂದೇ ಪ್ರಮಾಣ.

ಆದರೆ ಗ್ರಹ ಚಲಿಸುವುದು ಏಕೆ? ಇಲ್ಲಿ ಕೆಪ್ಲರ್ ತಪ್ಪಿದ. ಜಡವಸ್ತು ಸೋಮಾರಿ, ತಳ್ಳದಿದ್ದರೆ ನಿಲ್ಲುತ್ತದೆ. ಸೂರ್ಯನಿಂದ ಹೊರಟ ಒಂದು ಶಕ್ತಿ ಗ್ರಹಗಳನ್ನು ತಳ್ಳುತ್ತಾ ಇರುತ್ತದೆ ಎಂದು ಅವನ ಎಣಿಕೆ. ನಿಜ ಬೇರೆ. ಲೋಕಲ್ ಗಾಡಿ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತೇವಲ್ಲ, ಅದೇ ಉತ್ತರ. ಹೊರಟದ್ದು ತಡೆಯುವವರಿಲ್ಲದಿದ್ದರೆ ಹೋಗುತ್ತಲೇ ಇರುತ್ತದೆ. ಭೂಮಿ ನೆಟ್ಟಗೆ ಹೋಗಲು ನೋಡುತ್ತದೆ, ಸೂರ್ಯನ ಸೆಳೆತ ಅದರ ದಾರಿಯನ್ನು ಬಾಗಿಸುತ್ತದೆ. ಇದನ್ನು 1687ರಲ್ಲಿ ನ್ಯೂಟನ್ ತೋರಿಸಿಕೊಟ್ಟ, ಕೆಪ್ಲರನ ನಿಯಮಗಳನ್ನು ಇಟ್ಟುಕೊಂಡೇ. ಮೊದಲ ಓಟ ಎಲ್ಲಿಂದ ಬಂತು ಅಂದರೆ, ಸುಮಾರು 460 ಕೋಟಿ ವರ್ಷಗಳ ಹಿಂದೆ ಸೂರ್ಯ, ಭೂಮಿ ಎಲ್ಲ ಹುಟ್ಟಿದ ಅನಿಲದ ಮೋಡವೇ ತಿರುಗುತ್ತಿತ್ತು. ಈಗ ಭೂಮಿಯ ವೇಗ ಸೆಕೆಂಡಿಗೆ ಸುಮಾರು 30 ಕಿಲೋಮೀಟರು. ಕೆಪ್ಲರ್ ನಿಶ್ಚಲ ಎಂದು ನಂಬಿದ್ದ ಸೂರ್ಯನೂ ನಿಂತಿಲ್ಲ. ನಮ್ಮನ್ನೆಲ್ಲ ಎಳೆದುಕೊಂಡು ಆಕಾಶಗಂಗೆಯ ನಡುವನ್ನು ಸೆಕೆಂಡಿಗೆ ಸುಮಾರು 220 ಕಿಲೋಮೀಟರಿನಂತೆ ಸುತ್ತುತ್ತಿದ್ದಾನೆ. ಒಂದು ಸುತ್ತಿಗೆ ಇಪ್ಪತ್ತು ಕೋಟಿ ವರ್ಷಕ್ಕೂ ಹೆಚ್ಚು.

ಕೆಪ್ಲರನ ಇನ್ನೊಂದು ಲೆಕ್ಕ ಕೊನೆಯವರೆಗೂ ತಾಳೆಯಾಗಲಿಲ್ಲ. ಚಕ್ರವರ್ತಿಗಳು ಅವನ ಸಂಬಳವನ್ನು ವರ್ಷಗಟ್ಟಲೆ ಬಾಕಿ ಇಟ್ಟಿದ್ದರು. 1630ರ ಚಳಿಯಲ್ಲಿ, ಬರಬೇಕಾದ ಹಣ ಕೇಳಲೆಂದು ಕುದುರೆ ಹತ್ತಿ ರೇಗನ್ಸ್‌ಬುರ್ಗ್‌ಗೆ ಹೋದ. ಅಲ್ಲಿ ಜ್ವರ ಬಂದು ನವೆಂಬರ್ 15ರಂದು ತೀರಿಕೊಂಡ. ಯುದ್ಧದಲ್ಲಿ ಆ ಸ್ಮಶಾನವೂ ಹಾಳಾಗಿ ಸಮಾಧಿಯ ಗುರುತೂ ಉಳಿಯಲಿಲ್ಲ.

ಆದರೆ ಸಾಯುವ ಮುಂಚೆ ಒಂದು ಮಾತು ಅಚ್ಚು ಹಾಕಿಸಿದ್ದ. 1631ರ ನವೆಂಬರ್ 7ರಂದು ಬುಧಗ್ರಹ ಸೂರ್ಯಬಿಂಬದ ಮೇಲೆ ಹಾದುಹೋಗುತ್ತದೆ ಎಂದು. ಆ ದಿನ ಪ್ಯಾರಿಸ್‌ನಲ್ಲಿ ಗಸಾಂಡಿ ಎಂಬಾತ ಕಾದು ಕೂತ. ಮೋಡ ಸರಿದಾಗ ಬಿಂಬದ ಮೇಲೆ ಪುಟ್ಟ ಕಪ್ಪು ಚುಕ್ಕೆ ಕಾಣಿಸಿತು. ಅದಕ್ಕೆ ಮುಂಚೆ ಯಾರೂ ಅದನ್ನು ಕಂಡಿರಲಿಲ್ಲ.

ಚಕ್ರವರ್ತಿ ಬಾಕಿ ಕೊಡಲಿಲ್ಲ. ಬುಧ ಮಾತ್ರ ಹೇಳಿದ ತಾರೀಖಿಗೆ ಬಂದ. ಇನ್ನು ಮುಂದೆ ಸಸ್ಪೆನ್ಸ್ ಅಕೌಂಟ್ ಬರೆಯುವ ಮುಂಚೆ ನಾನು ಇನ್ನೊಂದು ಸಲ ಕೂಡಿಸಿ ನೋಡುತ್ತೇನೆ. ನೀವೂ ನೋಡಿ.